ಪಾಠ ಒಂದೇ, ಕೇಳುವ ಕಿವಿ ಮೂರು

ಆಟಿ ತಿಂಗಳ ಒಂದು ರಾತ್ರಿ. ಹೊರಗೆ ಬಿಡದೆ ಸುರಿಯುವ ಮಳೆ. ಒಂದೇ ಕಾಲೇಜಿನ, ಒಂದೇ ತರಗತಿಯ ಮೂವರು ಗೆಳತಿಯರು ಮೂರು ಕಡೆ ಕುಳಿತು ಒಂದೇ ಆನ್‌ಲೈನ್ ಪಾಠ ತೆರೆದಿದ್ದಾರೆ ಎಂದಿಟ್ಟುಕೊಳ್ಳಿ. ಒಬ್ಬಳ ಮನೆ ಬಂಟ್ವಾಳದಲ್ಲಿ, ಬಿ.ಸಿ. ರೋಡಿಗೆ ಹತ್ತಿರ. ಇನ್ನೊಬ್ಬಳದು ಬೆಳ್ತಂಗಡಿ ತಾಲೂಕಿನಲ್ಲಿ, ಚಾರ್ಮಾಡಿ ಘಾಟಿಯ ಬುಡದ ಅಡಿಕೆ ತೋಟದ ನಡುವೆ. ಮೂರನೆಯವಳು ಮೂಡುಬಿದಿರೆಯ ಹಾಸ್ಟೆಲಿನಲ್ಲಿದ್ದಾಳೆ. ಪಾಠ ನಲವತ್ತು ನಿಮಿಷದ್ದು. ಅದನ್ನು ಕೇಳಿ ಹತ್ತು ಪ್ರಶ್ನೆಗಳಿಗೆ ಉತ್ತರಿಸಬೇಕು. ಗಡುವು ಅಂದೇ ರಾತ್ರಿ ಹನ್ನೆರಡು ಗಂಟೆ.

ಬಂಟ್ವಾಳದ ಹುಡುಗಿ ಅಣ್ಣನ ಹಳೆಯ ಕಂಪ್ಯೂಟರಿನಲ್ಲಿ ಫೈರ್‌ಫಾಕ್ಸ್ ತೆರೆದಿದ್ದಾಳೆ. ಚಿತ್ರಗಳು ಒಂದರ ಹಿಂದೊಂದು ಸರಿಯುತ್ತಿವೆ, ಮೇಷ್ಟ್ರ ದನಿ ಮಾತ್ರ ಇಲ್ಲ. ಬೆಳ್ತಂಗಡಿಯ ಹುಡುಗಿಯ ಆಂಡ್ರಾಯ್ಡ್ ಮೊಬೈಲಿನ ಕ್ರೋಮ್‌ನಲ್ಲಿ ದನಿ ಬರುತ್ತಿದೆ, ಆದರೆ ಬಾವಿಯೊಳಗಿಂದ ಯಾರೋ ಮಾತನಾಡಿದ ಹಾಗೆ. ಮೂಡುಬಿದಿರೆಯವಳ ಕೈಯಲ್ಲಿರುವುದು ದುಬೈಯಲ್ಲಿರುವ ಮಾವ ಬಳಸಿ ಬಿಟ್ಟ ಐಫೋನ್. ಅದರಲ್ಲಿ ಪಾಠವೇನೋ ಚೆನ್ನಾಗಿ ಕೇಳುತ್ತದೆ, ಆದರೆ ಕೊನೆಯ ಪ್ರಶ್ನೆಗಳಿಗಾಗಿ ಕೊಟ್ಟ ಧ್ವನಿ ತುಣುಕುಗಳನ್ನು ಒತ್ತಿದರೆ ಏನೂ ಆಗುವುದಿಲ್ಲ.

ಬಂಟ್ವಾಳದ ಮನೆಯಲ್ಲಿ ಅಮ್ಮ ಅಡುಗೆಮನೆಯಿಂದ ಕೇಳುತ್ತಾರೆ: "ಎಂತ ಮಾರಾಯ್ತಿ, ಅರ್ಧ ಗಂಟೆಯಿಂದ ಅದನ್ನೇ ಒತ್ತುತ್ತಾ ಇದ್ದೀಯಲ್ಲ. ಓದುವುದು ಯಾವಾಗ?"

"ಅಮ್ಮಾ, ಸೌಂಡೇ ಬರುವುದಿಲ್ಲ."

"ನಿನ್ನೆ ಸಿನಿಮಾ ನೋಡುವಾಗ ಬರ್ತಾ ಇತ್ತಲ್ಲ?"

ಈ ಪ್ರಶ್ನೆಗೆ ಮಗಳಲ್ಲಿ ಉತ್ತರವಿಲ್ಲ. ಉತ್ತರವಿಲ್ಲದಿರುವುದೇ ಅವಳ ಅಪರಾಧಕ್ಕೆ ಸಾಕ್ಷಿಯಾಗಿಬಿಡುತ್ತದೆ. ಸಿನಿಮಾಕ್ಕೆ ಬರುವ ದನಿ ಪಾಠಕ್ಕೆ ಬರುವುದಿಲ್ಲವೆಂದರೆ ಯಾವ ತಾಯಿ ನಂಬಿಯಾಳು? ಆದರೆ ಆ ತಾಯಿಯ ಪ್ರಶ್ನೆ ಬಹಳ ಒಳ್ಳೆಯ ಪ್ರಶ್ನೆ. ಅದಕ್ಕೆ ಸರಿಯಾದ ಉತ್ತರ ಹುಡುಕಿದರೆ ಇಡೀ ಸಮಸ್ಯೆಯೇ ಬಿಡಿಸಿಕೊಳ್ಳುತ್ತದೆ.

ಇದೊಂದು ಚಿಲ್ಲರೆ ತಾಪತ್ರಯ ಎಂದು ತಳ್ಳಿಹಾಕುವ ಕಾಲ ಹೋಯಿತು. ಭಾರತ ಸರಕಾರದ 'ಸ್ವಯಂ' ವೇದಿಕೆಗೆ 2017ರ ಜುಲೈ 9ರಂದು ಅಂದಿನ ರಾಷ್ಟ್ರಪತಿ ಪ್ರಣಬ್ ಮುಖರ್ಜಿ ಚಾಲನೆ ನೀಡಿದರು. 2021ರ ಯುಜಿಸಿ ನಿಯಮದ ಪ್ರಕಾರ ಒಂದು ಸೆಮಿಸ್ಟರಿನ ಕೋರ್ಸುಗಳಲ್ಲಿ ಶೇಕಡಾ 40ರಷ್ಟನ್ನು ಸ್ವಯಂ ಮೂಲಕ ಪಡೆಯಲು ವಿಶ್ವವಿದ್ಯಾಲಯಗಳು ಅವಕಾಶ ಕೊಡಬಹುದು. ಅದರಲ್ಲಿ ಸೇರಿರುವ ಎನ್‌ಪಿಟಿಇಎಲ್‌ನ ಹನ್ನೆರಡು ವಾರದ ಕೋರ್ಸುಗಳಲ್ಲಿ ಅತ್ಯುತ್ತಮ ಎಂಟು ಅಸೈನ್‌ಮೆಂಟುಗಳಿಂದ ಶೇಕಡಾ 25 ಅಂಕ, ಕೊನೆಯ ಪರೀಕ್ಷೆಯಿಂದ ಶೇಕಡಾ 75 ಅಂಕ ಎಂಬ ಲೆಕ್ಕ ಬಳಕೆಯಲ್ಲಿದೆ. ಅಂದರೆ ವಾರವಾರದ ಪಾಠ ಕಿವಿಗೆ ಬೀಳದಿದ್ದರೆ ನಷ್ಟ ಅಂಕಪಟ್ಟಿಯಲ್ಲೇ ಕಾಣಿಸಿಕೊಳ್ಳುತ್ತದೆ.

ಕೊರೋನಾದ ದಿನಗಳನ್ನು ಈ ಜಿಲ್ಲೆ ಮರೆತಿಲ್ಲ. 2021ರ ಜೂನ್‌ನಲ್ಲಿ ಸುಳ್ಯ ತಾಲೂಕಿನ ಒಂದು ಹಳ್ಳಿಯಲ್ಲಿ, ಮಳೆಯ ನಡುವೆ ರಸ್ತೆ ಬದಿಯಲ್ಲಿ ಕುಳಿತು ಆನ್‌ಲೈನ್ ತರಗತಿ ಕೇಳುತ್ತಿದ್ದ ಮಗಳಿಗೆ ಅಪ್ಪ ಕೊಡೆ ಹಿಡಿದು ನಿಂತ ಚಿತ್ರ ದೇಶದ ತುಂಬ ಓಡಾಡಿತು. ಅಂದು ಎಲ್ಲರೂ ನೆಟ್‌ವರ್ಕ್ ಇಲ್ಲವಲ್ಲ ಎಂದು ಮರುಗಿದರು. ಅದು ನಿಜವೇ. ಆದರೆ ನೆಟ್‌ವರ್ಕ್ ಸಿಕ್ಕಿದ ಮೇಲೂ ಪಾಠ ಮೂಕವಾಗಿಯೇ ಉಳಿಯಬಹುದು ಎಂಬ ಸಂಗತಿ ಅಷ್ಟಾಗಿ ಯಾರ ಗಮನಕ್ಕೂ ಬರಲಿಲ್ಲ.

ಇನ್ನು ಅಮ್ಮನ ಪ್ರಶ್ನೆಗೆ ಬರೋಣ. ಅದಕ್ಕೆ ಉತ್ತರ ಮೂಡುಬಿದಿರೆಯಲ್ಲೇ ಇದೆ. ಅಲ್ಲಿ ಶತಮಾನಗಳಿಂದ ಜೋಪಾನವಾಗಿ ಉಳಿದುಬಂದ ಧವಲ ಗ್ರಂಥಗಳ ತಾಳೆಗರಿಗಳ ವಿಷಯ ಎಲ್ಲರಿಗೂ ಗೊತ್ತು. ಆ ಗ್ರಂಥಗಳ ಭಾಷೆ ಮುಖ್ಯವಾಗಿ ಪ್ರಾಕೃತ, ಲಿಪಿ ಮಾತ್ರ ಹಳಗನ್ನಡದ್ದು. ಉತ್ತರದ ದೊಡ್ಡ ಪ್ರಾಕೃತ ಪಂಡಿತರೊಬ್ಬರ ಮುಂದೆ ಆ ಗರಿಯನ್ನಿಟ್ಟರೂ ಲಿಪಿ ತಿಳಿಯದಿದ್ದರೆ ಅವರಿಗೆ ಒಂದಕ್ಷರ ಓದಲಾಗದು. ಹಾಗೆಂದು ಗರಿ ಹಾಳಾಗಿದೆ ಎನ್ನಬಹುದೇ? ಪಂಡಿತರು ದಡ್ಡರು ಎನ್ನಬಹುದೇ? ಎರಡೂ ಅಲ್ಲ. ಲಿಪಿ ಹೊಂದಲಿಲ್ಲ, ಅಷ್ಟೆ.

ಕಂಪ್ಯೂಟರಿನಲ್ಲಿ ಧ್ವನಿಯೂ ಹೀಗೆಯೇ ಒಂದು ಲಿಪಿಯಲ್ಲಿ ಬರೆಯಲ್ಪಟ್ಟಿರುತ್ತದೆ. ಅದಕ್ಕೆ 'ಕೋಡೆಕ್' ಎಂದು ಹೆಸರು. ಎಂಪಿ3, ಎಎಸಿ, ವೋರ್ಬಿಸ್, ಓಪಸ್ ಇವೆಲ್ಲ ಬೇರೆ ಬೇರೆ ಲಿಪಿಗಳು. ಗರಿಗಳ ಕಟ್ಟಿಗೆ ಮೇಲೂ ಕೆಳಗೂ ಮರದ ಹಲಗೆ ಇಟ್ಟು ದಾರ ಕಟ್ಟುವ ಹಾಗೆ ಕಡತಕ್ಕೂ ಒಂದು ಹೊರಕಟ್ಟು ಇರುತ್ತದೆ. ಎಂಪಿ4, ವೆಬ್‌ಎಂ, ಓಗ್ ಎಂದು ಕಡತದ ಬಾಲದಲ್ಲಿ ಕಾಣುವುದು ಈ ಹೊರಕಟ್ಟಿನ ಹೆಸರು. ಕ್ರೋಮ್, ಫೈರ್‌ಫಾಕ್ಸ್, ಸಫಾರಿ, ಎಡ್ಜ್ ಎಂಬ ಬ್ರೌಸರುಗಳು ಓದುಗರಿದ್ದಂತೆ. ಪ್ರತಿಯೊಬ್ಬನಿಗೂ ಬರುವ ಲಿಪಿಗಳ ಪಟ್ಟಿ ಸ್ವಲ್ಪ ಬೇರೆ. ಸಿನಿಮಾ ಕೊಡುವ ದೊಡ್ಡ ಕಂಪನಿ ಒಂದೇ ಚಿತ್ರವನ್ನು ಹಲವು ಲಿಪಿಗಳಲ್ಲಿ ಬರೆದಿಟ್ಟು, ಕೇಳಿದವನಿಗೆ ಯಾವುದು ಬರುತ್ತದೋ ಅದನ್ನೇ ಕಳುಹಿಸುತ್ತದೆ. ಪುಟ್ಟ ಕೋರ್ಸೊಂದನ್ನು ತಯಾರಿಸಿದವರು ಒಂದೇ ಲಿಪಿಯಲ್ಲಿ ಬರೆದು ಸುಮ್ಮನಾಗಿರುತ್ತಾರೆ. ನಿನ್ನೆ ಸಿನಿಮಾ ಮಾತನಾಡಿ, ಇಂದು ಪಾಠ ಮೂಕವಾಗುವುದಕ್ಕೆ ಇದೂ ಒಂದು ಕಾರಣ.

ಎಲ್ಲರೂ ಒಂದೇ ಲಿಪಿ ಬಳಸಬಹುದಿತ್ತಲ್ಲ ಎಂದು ವಿದ್ಯಾರ್ಥಿಗಳು ಕೇಳಬಹುದು. ಅದಕ್ಕೆ ಅಡ್ಡಬಂದದ್ದು ಪೇಟೆಂಟಿನ ದುಡ್ಡು. ಎಂಪಿ3 ಜನಪ್ರಿಯವಾದರೂ ಬಹುಕಾಲ ಅದಕ್ಕೆ ಪರವಾನಗಿ ಶುಲ್ಕವಿತ್ತು. ಶುಲ್ಕ ಕೊಡಲು ಒಪ್ಪದ ಫೈರ್‌ಫಾಕ್ಸಿನವರು ಮುಕ್ತವಾದ ಓಗ್ ವೋರ್ಬಿಸ್ ಕಡೆ ನಿಂತರು. ಆಪಲ್ ಕಂಪನಿ ಎಎಸಿಯ ಕಡೆ ನಿಂತಿತು. 2014ರ ಅಕ್ಟೋಬರಿನಲ್ಲಿ ಎಚ್‌ಟಿಎಂಎಲ್5 ಎಂಬ ಜಾಗತಿಕ ಮಾನಕ ಅಂತಿಮಗೊಂಡಾಗಲೂ ಧ್ವನಿಗೆ ಇಂಥದ್ದೇ ಕೋಡೆಕ್ ಎಂದು ಅದು ಗೊತ್ತುಮಾಡಲಿಲ್ಲ, ಏಕೆಂದರೆ ಕಂಪನಿಗಳಲ್ಲಿ ಒಮ್ಮತ ಬರಲಿಲ್ಲ. ಕೊನೆಗೆ ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆ ಎಂಪಿ3 ಪರವಾನಗಿ ವ್ಯವಹಾರವನ್ನು 2017ರ ಏಪ್ರಿಲಿನಲ್ಲಿ ಮುಗಿಸಿತು. ಇಂದು ಎಲ್ಲ ಪ್ರಮುಖ ಬ್ರೌಸರುಗಳೂ ಎಂಪಿ3 ನುಡಿಸುತ್ತವೆ. ಜಗಳ ಮುಗಿಯಿತು, ಆದರೆ ಜಗಳದ ಕಾಲದಲ್ಲಿ ತಯಾರಾದ ಪಾಠಗಳು ಹಾಗೆಯೇ ಉಳಿದಿವೆ.

ಇವುಗಳಿಗಿಂತ ಹಳೆಯ ಇನ್ನೊಂದು ಜಾತಿಯ ಪಾಠಗಳಿವೆ. ಅವು 'ಫ್ಲ್ಯಾಶ್' ಎಂಬ ತಂತ್ರಾಂಶವನ್ನು ನಂಬಿಕೊಂಡವು. ಅಡೋಬಿ ಕಂಪನಿ 2020ರ ಡಿಸೆಂಬರ್ 31ಕ್ಕೆ ಫ್ಲ್ಯಾಶ್‌ಗೆ ಮಂಗಳ ಹಾಡಿತು. 2021ರ ಜನವರಿ 12ರಿಂದ ಅದು ಓಡದಂತೆ ತಡೆಯನ್ನೂ ಹಾಕಿತು. ಫ್ಲ್ಯಾಶ್ ಬೇಕು ಎಂದು ಪುಟ ಕೇಳಿದರೆ ಬ್ರೌಸರ್ ಬದಲಿಸುತ್ತಾ ಕೂರುವುದು ವ್ಯರ್ಥ. ಅದಕ್ಕಿಂತ ಮುಖ್ಯವಾಗಿ, 'ಇಲ್ಲಿಂದ ಫ್ಲ್ಯಾಶ್ ಇಳಿಸಿಕೊಳ್ಳಿ' ಎನ್ನುವ ಗುಂಡಿಯನ್ನು ಮಕ್ಕಳು ಒತ್ತಲೇಬಾರದು. ಈಗ ಆ ಹೆಸರಿನಲ್ಲಿ ಸಿಗುವುದು ಬಹುಮಟ್ಟಿಗೆ ವೈರಸ್.

ಬಂಟ್ವಾಳದ ಹುಡುಗಿಯ ಸಮಸ್ಯೆ ಮಾತ್ರ ಲಿಪಿಯದ್ದಲ್ಲ, ಅಪ್ಪಣೆಯದ್ದು. ಪುಟ ತೆರೆದೊಡನೆ ತಾನಾಗಿ ಅರಚುವ ಜಾಹೀರಾತುಗಳಿಂದ ಜನ ರೋಸಿಹೋದಾಗ ಬ್ರೌಸರುಗಳು ಒಂದು ಕಟ್ಟಳೆ ತಂದವು: ನೋಡುವವನು ಪುಟವನ್ನು ಒಮ್ಮೆಯಾದರೂ ಮುಟ್ಟದೆ ಯಾವ ಪುಟವೂ ಸದ್ದು ಮಾಡಕೂಡದು. ಸಫಾರಿ 2017ರಲ್ಲಿ, ಕ್ರೋಮ್ 2018ರಲ್ಲಿ, ಫೈರ್‌ಫಾಕ್ಸ್ 2019ರಲ್ಲಿ ಇದನ್ನು ಜಾರಿಗೆ ತಂದವು. ಕಟ್ಟಳೆ ಒಳ್ಳೆಯದೇ. ಆದರೆ ತಾನಾಗಿ ಮಾತನಾಡಲು ತೊಡಗುವ ಪಾಠಕ್ಕೂ ಜಾಹೀರಾತಿಗೂ ಇರುವ ಅಂತರ ಬ್ರೌಸರಿಗೆ ಹೇಗೆ ತಿಳಿಯಬೇಕು? ಅದು ಇಬ್ಬರ ಬಾಯಿಯನ್ನೂ ಕಟ್ಟಿತು. ಪರಿಹಾರ ಸುಲಭ. ಪುಟದ ಮೇಲೆ ಒಮ್ಮೆ ಒತ್ತಿ, ಪಾಠವನ್ನು ಮತ್ತೆ ಮೊದಲಿನಿಂದ ಓಡಿಸಬೇಕು. ಆಗಲೂ ಬಾರದಿದ್ದರೆ ಮೇಲಿನ ವಿಳಾಸದ ಪಟ್ಟಿಯ ಬದಿಯಲ್ಲಿರುವ ಚಿಹ್ನೆಯನ್ನು ಒತ್ತಿ, ಆ ತಾಣಕ್ಕೆ ಧ್ವನಿಯ ಅನುಮತಿ ಕೊಡಬೇಕು. ಫೈರ್‌ಫಾಕ್ಸಿನಲ್ಲಿ ಇದು 'ಆಟೋಪ್ಲೇ' ಎಂಬಲ್ಲಿ, ಕ್ರೋಮ್‌ನಲ್ಲಿ 'ಸೈಟ್ ಸೆಟ್ಟಿಂಗ್ಸ್' ಒಳಗೆ 'ಸೌಂಡ್' ಎಂಬಲ್ಲಿ ಸಿಗುತ್ತದೆ.

ಕಾರಣಗಳು ಹಲವು, ಸಮಯವೋ ಕಡಿಮೆ. ಗಾಬರಿಯಿಂದ ಸಿಕ್ಕಸಿಕ್ಕ ಗುಂಡಿ ಒತ್ತುವ ಬದಲು ಕ್ರಮವಾಗಿ ಹೋದರೆ ಐದು ನಿಮಿಷದಲ್ಲಿ ತಪ್ಪು ಎಲ್ಲಿದೆ ಎಂಬುದು ಬಯಲಾಗುತ್ತದೆ. ಪಂಪು ನೀರೆತ್ತದಿದ್ದರೆ ಅನುಭವಿ ಕೃಷಿಕ ಮೊದಲು ಕರೆಂಟು, ಆಮೇಲೆ ಫುಟ್‌ವಾಲ್ವು, ಆಮೇಲೆ ಪೈಪು ಎಂದು ನೋಡುತ್ತಾನಲ್ಲವೇ? ಇದೂ ಹಾಗೆಯೇ.

ಮೊದಲನೆಯದಾಗಿ, ಮೊಬೈಲಿನಲ್ಲೇ ಇರುವ ಒಂದು ಹಾಡು ಅಥವಾ ರಿಂಗ್‌ಟೋನ್ ನುಡಿಸಿ ನೋಡಬೇಕು. ಅದೂ ಕೇಳದಿದ್ದರೆ ತಪ್ಪು ಯಂತ್ರದ್ದು ಅಥವಾ ಇಯರ್‌ಫೋನಿನದ್ದು. ಬ್ಲೂಟೂತ್ ಹೆಡ್‌ಸೆಟ್ ಪಕ್ಕದ ಕೋಣೆಯ ಕಪಾಟಿನಲ್ಲಿ ಆನ್ ಆಗಿಯೇ ಉಳಿದು, ಪಾಠವೆಲ್ಲ ಕಪಾಟಿನೊಳಗೆ ನಡೆಯುತ್ತಿರುವ ಸಂದರ್ಭಗಳೂ ಇಲ್ಲದಿಲ್ಲ.

ಎರಡನೆಯದಾಗಿ, ಅದೇ ಬ್ರೌಸರಿನಲ್ಲಿ ಬೇರೊಂದು ತಾಣದ ಯಾವುದಾದರೂ ವಿಡಿಯೋ ನೋಡಬೇಕು. ಅದು ಕೇಳದಿದ್ದರೆ ತಪ್ಪು ಬ್ರೌಸರಿನದ್ದು. ಮೇಲಿನ ಟ್ಯಾಬಿನಲ್ಲಿ ಅಡ್ಡಗೀಟಿನ ಸ್ಪೀಕರ್ ಗುರುತು ಇದೆಯೇ, ವಿಂಡೋಸ್ ಕಂಪ್ಯೂಟರಾದರೆ 'ವಾಲ್ಯೂಮ್ ಮಿಕ್ಸರ್'ನಲ್ಲಿ ಆ ಬ್ರೌಸರಿನ ಸದ್ದು ಮಾತ್ರ ಇಳಿದಿದೆಯೇ ಎಂದು ನೋಡಬೇಕು.

ಮೂರನೆಯದಾಗಿ, ಅದೇ ಪಾಠವನ್ನು ಬೇರೊಂದು ಬ್ರೌಸರಿನಲ್ಲಿ ತೆರೆಯಬೇಕು. ಅಲ್ಲಿ ಕೇಳಿದರೆ ತಪ್ಪು ಮೊದಲ ಬ್ರೌಸರಿನ ಲಿಪಿಯದ್ದು, ಅಪ್ಪಣೆಯದ್ದು, ಇಲ್ಲವೇ ಅದಕ್ಕೆ ಸೇರಿಸಿಕೊಂಡ ಜಾಹೀರಾತು ತಡೆಯಂಥ 'ಎಕ್ಸ್‌ಟೆನ್ಶನ್'ಗಳದ್ದು. ಬ್ರೌಸರನ್ನು ಹೊಸ ಆವೃತ್ತಿಗೆ ಏರಿಸಿಕೊಳ್ಳುವುದರಿಂದಲೇ ಎಷ್ಟೋ ಸಲ ಕೆಲಸವಾಗುತ್ತದೆ.

ನಾಲ್ಕನೆಯದಾಗಿ, ಎರಡು ಬ್ರೌಸರುಗಳಲ್ಲೂ, ಗೆಳತಿಯ ಮೊಬೈಲಿನಲ್ಲೂ ಕೇಳದಿದ್ದರೆ ತಪ್ಪು ಪಾಠದ ಕಡತದ್ದೇ. ಅಲ್ಲಿಗೆ ವಿದ್ಯಾರ್ಥಿಯ ಕೆಲಸ ಮುಗಿಯಿತು, ಕೋರ್ಸಿನವರ ಕೆಲಸ ಆರಂಭವಾಯಿತು.

ಈಗ ಬೆಳ್ತಂಗಡಿಯ ಹುಡುಗಿಯ ಬಾವಿಯೊಳಗಿನ ದನಿ. ಇದರಲ್ಲಿ ವಿಜ್ಞಾನದ ವಿದ್ಯಾರ್ಥಿಗಳಿಗೆ ಒಂದು ಸೊಗಸಾದ ಪಾಠವಿದೆ. ಇಯರ್‌ಫೋನಿನ ಪಿನ್ನು ಪೂರ್ತಿ ಒಳಗೆ ಕೂರದೆ ನೆಲತಂತಿಯ ಸಂಪರ್ಕ ತಪ್ಪಿದರೆ, ಎಡದ ಮತ್ತು ಬಲದ ಸಂಕೇತಗಳ ವ್ಯತ್ಯಾಸವಷ್ಟೇ ಕಿವಿಗೆ ಬರುತ್ತದೆ. ಮೇಷ್ಟ್ರ ದನಿ ಎರಡೂ ಕಡೆ ಸಮಾನವಾಗಿ ಇರುವುದರಿಂದ ಕಳೆದುಹೋಗಿ, ಕೋಣೆಯ ಪ್ರತಿಧ್ವನಿಯಷ್ಟೇ ಉಳಿಯುತ್ತದೆ. ಪಿನ್ನನ್ನು ಒರಸಿ ಗಟ್ಟಿಯಾಗಿ ಒತ್ತಿದರೆ ಮೇಷ್ಟ್ರು ಬಾವಿಯಿಂದ ಮೇಲೆ ಬರುತ್ತಾರೆ.

ಇದಕ್ಕೆ ತಿರುಗುಮುರುಗಾದದ್ದೂ ಉಂಟು. ಧ್ವನಿಮುದ್ರಣ ಮಾಡುವಾಗ ತಂತಿ ಅದಲುಬದಲಾಗಿ ಎಡದ ತರಂಗ ಏರುವಾಗ ಬಲದ್ದು ಇಳಿಯುವಂತಾಗಿದ್ದರೆ, ಇಯರ್‌ಫೋನಿನಲ್ಲಿ ಪಾಠ ಕೇಳುತ್ತದೆ, ಒಂದೇ ಸ್ಪೀಕರಿನ ಮೊಬೈಲಿನಲ್ಲಿ ಕೇಳುವುದಿಲ್ಲ. ಅಲ್ಲಿ ಎರಡೂ ಕೂಡಿಕೊಳ್ಳುತ್ತವೆ, ಕೂಡು ಒಂದಕ್ಕೆ ಕಳೆ ಒಂದು ಸೇರಿ ಸೊನ್ನೆ. ದನಿ ಎಡದ ಕಡೆ ಮಾತ್ರ ಮುದ್ರಣಗೊಂಡಿದ್ದು, ಇಯರ್‌ಫೋನಿನ ಎಡಗಿವಿ ಕೆಟ್ಟಿದ್ದರೂ ಪಾಠ ಮೌನ. ಆಗ ಮೊಬೈಲಿನ 'ಆಕ್ಸೆಸಿಬಿಲಿಟಿ' ಸೆಟ್ಟಿಂಗಿನಲ್ಲಿ 'ಮೋನೋ ಆಡಿಯೋ' ಆನ್ ಮಾಡಿದರೆ ಬಲಗಿವಿಗೂ ಮಾತು ಬರುತ್ತದೆ.

ಇನ್ನು ಮೂಡುಬಿದಿರೆಯ ಐಫೋನ್. ಅದರಲ್ಲಿ ಸಫಾರಿ ಬಿಟ್ಟು ಕ್ರೋಮ್ ಹಾಕಿಕೊಂಡರೂ ಪ್ರಯೋಜನ ಕಾಣದು. ಐಫೋನಿನಲ್ಲಿ ಯಾವ ಬ್ರೌಸರ್ ಇದ್ದರೂ ಒಳಗಿನ ಯಂತ್ರ ಆಪಲ್‌ನ 'ವೆಬ್‌ಕಿಟ್' ಆಗಿರಬೇಕೆಂಬುದು ಕಂಪನಿಯ ಕಟ್ಟಳೆಯಾಗಿ ಬಂದಿದೆ. 2024ರಲ್ಲಿ ಯುರೋಪ್ ಒಕ್ಕೂಟದ ದೇಶಗಳಿಗೆ ವಿನಾಯಿತಿ ದೊರೆತರೂ ಅದು ನಮ್ಮ ಊರಿನವರೆಗೆ ಬಂದಿಲ್ಲ. ವೇಷ ಬದಲಾದರೂ ಒಳಗಿರುವ ಕಲಾವಿದ ಅವನೇ! ಓಗ್ ಕಡತಗಳನ್ನು ಐಫೋನ್ ಬಹುವರ್ಷ ನುಡಿಸುತ್ತಲೇ ಇರಲಿಲ್ಲ. ಮಾವ ಕೊಟ್ಟಂಥ ಹಳೆಯ ಮಾದರಿಗಳು ಇಂದಿಗೂ ನುಡಿಸಲಾರವು. ಈ ಹುಡುಗಿ ಹಾಸ್ಟೆಲಿನಲ್ಲಿ ಗೆಳತಿಯ ಆಂಡ್ರಾಯ್ಡ್ ಮೊಬೈಲನ್ನೋ, ಕಾಲೇಜಿನ ಕಂಪ್ಯೂಟರನ್ನೋ ಹತ್ತು ನಿಮಿಷ ಕೇಳಿ ಪಡೆಯುವುದೇ ನೇರವಾದ ದಾರಿ. ದುಬಾರಿ ಮೊಬೈಲಿನಲ್ಲಿ ಎಲ್ಲವೂ ಸರಿಯಾಗಿ ಬರುತ್ತದೆ ಎಂಬ ಹೆತ್ತವರ ನಂಬಿಕೆ ಇಲ್ಲಿ ಸುಳ್ಳಾಗುತ್ತದೆ.

ನೆಟ್‌ವರ್ಕ್ ದುರ್ಬಲವಾಗಿರುವ ಘಟ್ಟದ ಬುಡದ ಮನೆಗಳಿಗೆ ಇನ್ನೊಂದು ಲೆಕ್ಕ ಉಪಯೋಗವಾದೀತು. ಸೆಕೆಂಡಿಗೆ 500 ಕಿಲೋಬಿಟ್ ವೇಗದ ವಿಡಿಯೋ ನಲವತ್ತು ನಿಮಿಷಕ್ಕೆ 150 ಎಂಬಿ ತಿನ್ನುತ್ತದೆ. ಅದೇ ಪಾಠದ 64 ಕಿಲೋಬಿಟ್‌ನ ಧ್ವನಿ ಮಾತ್ರವಾದರೆ ಸುಮಾರು 19 ಎಂಬಿ ಸಾಕು. ಮಾತಿನ ಸ್ಪಷ್ಟತೆಗೆ ಅಷ್ಟು ಧಾರಾಳವಾಯಿತು. ಆದುದರಿಂದ ವಿಡಿಯೋದ ಗುಣಮಟ್ಟ ತಗ್ಗಿಸಿ ನೋಡುವುದು, ಕೋರ್ಸಿನಲ್ಲಿ ಇಳಿಸಿಕೊಳ್ಳುವ ಅವಕಾಶವಿದ್ದರೆ ಪೇಟೆಗೆ ಹೋದಾಗ ಇಳಿಸಿಕೊಂಡು ಬರುವುದು ಜಾಣತನ. ಮೂರು ದಿನ ಕರೆಂಟಿಲ್ಲದ ಆಟಿಯಲ್ಲಿ ಗಡುವಿನ ರಾತ್ರಿಯವರೆಗೆ ಕಾಯುವುದಂತೂ ಸಲ್ಲದು.

ಪಾಠ ತಯಾರಿಸುವ ಅಧ್ಯಾಪಕರಿಗೂ ಎರಡು ಮಾತು ಸಲ್ಲುತ್ತದೆ. ಧ್ವನಿಯನ್ನು ಎಂಪಿ3 ಅಥವಾ ಎಎಸಿಯಲ್ಲಿ, ಒಂದೇ ಚಾನೆಲಿನ ಮೋನೋ ಆಗಿ ಉಳಿಸಿದರೆ ಮೇಲೆ ಹೇಳಿದ ತೊಂದರೆಗಳಲ್ಲಿ ಅರ್ಧದಷ್ಟು ಹುಟ್ಟುವುದೇ ಇಲ್ಲ. ಪುಟದ ವಿಳಾಸ 'ಎಚ್‌ಟಿಟಿಪಿಎಸ್' ಆಗಿದ್ದು ಧ್ವನಿಯ ವಿಳಾಸ ಹಳೆಯ 'ಎಚ್‌ಟಿಟಿಪಿ'ಯಾಗಿಯೇ ಉಳಿದಿದ್ದರೆ ಬ್ರೌಸರ್ ಅದನ್ನು ತಡೆಯಬಹುದು, ಅದನ್ನೂ ಸರಿಪಡಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಹೇಳಿದ ಪಾಠದ ಬರಹರೂಪವನ್ನು ಜೊತೆಗಿಡಬೇಕು. ಎನ್‌ಪಿಟಿಇಎಲ್ ಪಾಠಗಳಿಗೆ ಇಂಥ ಬರಹರೂಪ ದೊರೆಯುತ್ತದೆ, ವಿದ್ಯಾರ್ಥಿಗಳು ಅದನ್ನು ಹುಡುಕಿ ಇಳಿಸಿಕೊಳ್ಳಬೇಕು. ಸೌಂಡ್ ಬಾರದ ರಾತ್ರಿ ಅದು ಆಪದ್ಬಂಧು. ಕಿವಿ ಕೇಳದ ಮಕ್ಕಳಿಗಂತೂ ಪ್ರತಿ ರಾತ್ರಿಯೂ ಅದೇ ಪಾಠ. ಅವರ ಪಾಲಿಗೆ ಎಲ್ಲ ಬ್ರೌಸರುಗಳೂ ಯಾವತ್ತೂ ಮೂಕವೇ ಎಂಬುದನ್ನು ಈ ತೊಂದರೆಯ ನೆಪದಲ್ಲಾದರೂ ನೆನೆಯುವುದು ಒಳ್ಳೆಯದು.

ಏನೇ ಮಾಡಿದರೂ ದನಿ ಬಾರದಿದ್ದರೆ? ದೂರು ಬರೆಯಬೇಕು, ಗಡುವು ಮುಗಿಯುವ ಮೊದಲೇ ಬರೆಯಬೇಕು. 'ಸೌಂಡ್ ಬರುವುದಿಲ್ಲ ಸರ್' ಎಂದಷ್ಟೇ ಬರೆದರೆ ಯಾರಿಂದಲೂ ಏನೂ ಮಾಡಲಾಗದು. ಯಾವ ವಾರದ ಎಷ್ಟನೆಯ ಪಾಠ, ಯಾವ ಮೊಬೈಲ್ ಅಥವಾ ಕಂಪ್ಯೂಟರ್, ಯಾವ ಬ್ರೌಸರಿನ ಯಾವ ಆವೃತ್ತಿ, ಎಷ್ಟು ಗಂಟೆಗೆ ತೆರೆದದ್ದು, ಬೇರೆ ಯಾವ ಬ್ರೌಸರಿನಲ್ಲಿ ಪ್ರಯತ್ನಿಸಿದ್ದು ಎಂದು ಐದು ಸಾಲು ಬರೆದು, ಪರದೆಯ ಚಿತ್ರವನ್ನು ಸೇರಿಸಿ, ಕಾಲೇಜಿನ ಮೆಂಟರಿಗೂ ಒಂದು ಪ್ರತಿ ಕಳುಹಿಸಬೇಕು. ಅಂಥ ಪತ್ರವನ್ನು ತಳ್ಳಿಹಾಕುವುದು ಸುಲಭವಲ್ಲ. ನಾಳೆ ಅಂಕದ ಪ್ರಶ್ನೆ ಬಂದಾಗ ಅದೇ ದಾಖಲೆಯೂ ಆಗುತ್ತದೆ.

ಹೆತ್ತವರಿಗೆ ಇವೆಲ್ಲ ತಾಂತ್ರಿಕ ಸಂಗತಿಗಳು ನೆನಪಿರಬೇಕಾಗಿಲ್ಲ. ಅವರು ನೆನಪಿಡಬೇಕಾದದ್ದು ಒಂದೇ. ತರಗತಿಯಲ್ಲಿ ಮೇಷ್ಟ್ರ ಮಾತು ಕೇಳದಿದ್ದರೆ ಮಗು ಕೈಯೆತ್ತಿ 'ಸರ್, ಕೇಳುವುದಿಲ್ಲ' ಎನ್ನುತ್ತದೆ. ಮೊಬೈಲಿನ ಮುಂದೆ ಒಂಟಿಯಾಗಿ ಕುಳಿತ ಮಗು ಯಾರಿಗೆ ಕೈಯೆತ್ತಬೇಕು? ಎರಡು ವಾರ ಪಾಠ ಕೇಳಿಸದಿದ್ದರೆ ಅದಕ್ಕೆ ಮುಂದಿನದು ಅರ್ಥವಾಗುವುದಿಲ್ಲ. ಅರ್ಥವಾಗದಿದ್ದರೆ ತಾನೇ ದಡ್ಡ ಎಂದುಕೊಳ್ಳುತ್ತದೆ. ಮನೆಯವರೂ ಹಾಗೆಯೇ ಅಂದರೆ ಅಲ್ಲಿಗೆ ಅದು ನಿರ್ಣಯವಾಗಿಬಿಡುತ್ತದೆ. ಸದ್ದಿಲ್ಲದ ಒಂದು ಕಡತದಿಂದ ಒಬ್ಬಳ ಓದೇ ಹಿಂದೆ ಬೀಳಬಹುದು.

ಅದಕ್ಕೇ, "ನಿನ್ನೆ ಸಿನಿಮಾಕ್ಕೆ ಬರ್ತಿತ್ತಲ್ಲ?" ಎಂದು ಕೇಳಿದ ಅಮ್ಮ ಅಲ್ಲಿಗೇ ನಿಲ್ಲಿಸದೆ, ಕೈ ಒರಸಿಕೊಂಡು ಬಂದು ಪಕ್ಕದಲ್ಲಿ ಕುಳಿತು, "ತೋರಿಸು ನೋಡುವ, ಎಲ್ಲಿ ಕೇಳುವುದಿಲ್ಲ?" ಎಂದರೆ ಅರ್ಧ ಕೆಲಸ ಆದಂತೆಯೇ. ಉಳಿದರ್ಧಕ್ಕೆ ಮಗಳು ಗೆಳತಿಯರಿಗೆ ಫೋನು ಮಾಡುತ್ತಾಳೆ. ಬಂಟ್ವಾಳದವಳು ಆಟೋಪ್ಲೇಗೆ ಅನುಮತಿ ಕೊಡುತ್ತಾಳೆ, ಬೆಳ್ತಂಗಡಿಯವಳು ಪಿನ್ನನ್ನು ಒರಸಿ ಒತ್ತುತ್ತಾಳೆ, ಮೂಡುಬಿದಿರೆಯವಳು ಪಕ್ಕದ ಕೋಣೆಯವಳ ಮೊಬೈಲು ತರುತ್ತಾಳೆ. ಹನ್ನೆರಡು ಗಂಟೆಗೆ ಇನ್ನೂ ಸಮಯವಿದೆ.